ಗ್ರೇಪ್ಸ್ ಆಫ್ ರಾತ್ ಸಿನಿಮಾದಲ್ಲಿ ಪುಸ್ತಕದ ಕೊನೇನ ಯಾಕೆ ತೆಗೆದ್ರು?

ರಾತ್ರಿ_ಓದುಗ

ಎಲ್ರಿಗೂ ನಮಸ್ಕಾರ. ಸ್ಟೈನ್‌ಬೆಕ್ ಬರೆದಿರೋ ಗ್ರೇಪ್ಸ್ ಆಫ್ ರಾತ್ ಓದಿ ಮುಗಿಸೋಕೆ ನಂಗೆ ಹೆಚ್ಚುಕಮ್ಮಿ ಎರಡು ತಿಂಗಳು ಹಿಡೀತು, ದಿನಾ ರಾತ್ರಿ ಮಕ್ಕಳು ಮಲಗಿದ ಮೇಲೆ ಹತ್ತು ಹದಿನೈದು ಪುಟ, ಅಷ್ಟೇ ಆಗೋದು. ಓಕ್ಲಹೋಮಾದಲ್ಲಿ ಗೇಣಿ ಜಮೀನು ಕಳ್ಕೊಂಡ ಜೋಡ್ ಅನ್ನೋ ಕುಟುಂಬ ಕೂಲಿ ಹುಡುಕ್ಕೊಂಡು ಕ್ಯಾಲಿಫೋರ್ನಿಯಾಗೆ ಹೋಗೋ ಕಥೆ ಅದು. ಮುಗಿಸಿದ ದಿನ ನಿದ್ದೆ ಬರಲಿಲ್ಲ. ಪ್ರವಾಹ ಬಂದು, ಆ ಮನೆ ಮಗಳು ರೋಸ್ ಆಫ್ ಶಾರನ್‌ಗೆ ಮಗು ಸತ್ತೇ ಹುಟ್ಟಿ, ಆ ಮಗೂನ ಸೇಬಿನ ಪೆಟ್ಟಿಗೇಲಿಟ್ಟು ನೀರಿಗೆ ಬಿಟ್ಟು, ಆಮೇಲೆ ಆ ಕೊಟ್ಟಿಗೇಲಿ ಹಸಿವಿನಿಂದ ಸಾಯ್ತಿರೋ ಯಾರೋ ಗುರುತಿಲ್ಲದ ಮನುಷ್ಯನಿಗೆ ಅವಳು ಎದೆಹಾಲು ಕುಡಿಸ್ತಾಳಲ್ಲ, ಅಲ್ಲಿಗೆ ಪುಸ್ತಕ ನಿಂತುಬಿಡುತ್ತೆ. ನಾನು ಮುಂದಿನ ಪುಟ ತಿರುಗಿಸಿ ನೋಡ್ದೆ, ಏನಾದ್ರೂ ಉಳಿದಿದ್ಯಾ ಅಂತ.

ಮೊನ್ನೆ ಶನಿವಾರ ಜಾನ್ ಫೋರ್ಡ್ ನಿರ್ದೇಶನದ ಸಿನಿಮಾ ನೋಡ್ದೆ, 1940ರದ್ದು, ಹೆನ್ರಿ ಫೋಂಡಾ ಆ ಮನೆ ಮಗ ಟಾಮ್ ಜೋಡ್ ಆಗಿರೋದು. ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಪ್ರವಾಹವೂ ಇಲ್ಲ, ಮಗೂನೂ ಇಲ್ಲ, ಕೊಟ್ಟಿಗೇನೂ ಇಲ್ಲ. ಲಾರೀಲಿ ಕೂತ್ಕೊಂಡು ಅಮ್ಮ "ನಾವು ಜನ, ನಮ್ಮನ್ನ ಯಾರೂ ಅಳಿಸೋಕಾಗಲ್ಲ" ಅನ್ನೋ ಥರ ಮಾತಾಡ್ತಾಳೆ, ಗಾಡಿ ಮುಂದೆ ಹೋಗುತ್ತೆ, ಮುಗೀತು. ಪುಸ್ತಕ ಎಲ್ಲಿ ಬಂದು ನಿಲ್ಲುತ್ತೆ, ಸಿನಿಮಾ ಎಲ್ಲಿ ಬಂದು ನಿಲ್ಲುತ್ತೆ, ಎರಡಕ್ಕೂ ಸಂಬಂಧಾನೇ ಇಲ್ಲ ಅನ್ನಿಸ್ತು. ಯಾಕೆ ಹಾಗೆ ಮಾಡಿದ್ರು? ಸೆನ್ಸಾರ್ ಕಾಟಾನಾ, ಇಲ್ಲ ದುಡ್ಡಿನ ಲೆಕ್ಕಾಚಾರಾನಾ? ಎರಡನ್ನೂ ಓದಿ ನೋಡಿರೋರು ಯಾರಾದ್ರೂ ಇದ್ರೆ ಹೇಳಿ.

ಕಪ್ಪುಬಿಳುಪು

ಸೆನ್ಸಾರ್ ಅಂತಾನೇ ಇಟ್ಕೊಳ್ಳಿ. 1934ರಿಂದ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್, ಅಂದ್ರೆ ಸಿನಿಮಾದಲ್ಲಿ ಏನು ತೋರಿಸಬಹುದು ಏನು ತೋರಿಸಬಾರದು ಅನ್ನೋ ನಿಯಮ, ಬಿಗಿಯಾಗಿತ್ತು, ಗಂಡ ಹೆಂಡ್ತೀನ ಒಂದೇ ಮಂಚದಲ್ಲಿ ತೋರಿಸೋಕೇ ಹಿಂದೆ ಮುಂದೆ ನೋಡ್ತಿದ್ದ ಕಾಲ ಅದು, ಇನ್ನು ಎದೆಹಾಲಿನ ಆ ದೃಶ್ಯ ಎಲ್ಲಿಂದ ಬರಬೇಕು. ಪುಸ್ತಕಕ್ಕೇ ಅದು ಸುಲಭವಾಗಿ ಬಂದಿದ್ದಲ್ಲ. ಸ್ಟೈನ್‌ಬೆಕ್‌ನ ಎಡಿಟರ್ ಪಾಸ್ಕಲ್ ಕೋವಿಚಿ ಕೊನೇ ಭಾಗ ಬದಲಾಯಿಸು ಅಂತ ಕೇಳ್ಕೊಂಡಿದ್ದ, ಸ್ಟೈನ್‌ಬೆಕ್ ಆಗಲ್ಲ ಅಂದುಬಿಟ್ಟ. ಆ ಮನುಷ್ಯ ಅವಳಿಗೆ ಪರಿಚಯ ಇಲ್ಲದೋನೇ ಆಗಿರಬೇಕು, ಅದು ಪ್ರೀತಿ ಅಲ್ಲ, ಬದುಕಿ ಉಳಿಯೋದು ಅನ್ನೋ ಅರ್ಥದಲ್ಲಿ 1939ರ ಜನವರೀಲಿ ಕಾಗದ ಬರೆದಿದ್ದಾನೆ.

ಆದ್ರೆ ನನ್ನ ಪ್ರಕಾರ ನೀವು ಕೇಳಿರೋದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ, ಅದನ್ನ ಬಹಳ ಜನ ಗಮನಿಸಲ್ಲ. ಕ್ಯಾಲಿಫೋರ್ನಿಯಾಗೆ ಬಂದ ಮೇಲಿನ ಘಟನೆಗಳ ಕ್ರಮ ನೆನಪು ಮಾಡ್ಕೊಳ್ಳಿ. ಪುಸ್ತಕದಲ್ಲಿ ಮೊದಲು ಗುಡಿಸಲುಗಳ ಹೂವರ್‌ವಿಲ್, ಆಮೇಲೆ ವೀಡ್‌ಪ್ಯಾಚ್ ಸರ್ಕಾರಿ ಕ್ಯಾಂಪು, ಆಮೇಲೆ ಪೀಚ್ ಹಣ್ಣಿನ ತೋಟ, ಅಲ್ಲಿ ಮುಷ್ಕರ, ಅವರ ಜೊತೆ ಬಂದಿದ್ದ ಮಾಜಿ ಪಾದ್ರಿ ಕೇಸಿ ಕೊಲೆ, ಆಮೇಲೆ ಹತ್ತಿ ಬಿಡಿಸೋ ಕೆಲಸ, ರೈಲು ಡಬ್ಬೀಲಿ ಸಂಸಾರ, ಪ್ರವಾಹ. ಅಂದ್ರೆ ಕ್ಯಾಂಪು ಮಧ್ಯದಲ್ಲಿ ಒಂದು ಉಸಿರು ತಗೊಳ್ಳೋ ಜಾಗ ಅಷ್ಟೇ. ಅಲ್ಲಿ ಬಿಸಿನೀರಿದೆ, ಕಕ್ಕಸಿದೆ, ಪೊಲೀಸರು ಒಳಗೆ ಬರೋ ಹಾಗಿಲ್ಲ, ಜನ ತಾವೇ ಕಮಿಟಿ ಮಾಡ್ಕೊಂಡು ನಡೆಸ್ತಾರೆ, ಎಲ್ಲಾ ಇದೆ, ಕೆಲಸ ಒಂದು ಬಿಟ್ಟು. ಮರ್ಯಾದೆ ಸಿಕ್ತು ಅಂತ ಹೊಟ್ಟೆ ತುಂಬಲ್ಲವಲ್ಲ, ಅದಕ್ಕೇ ಒಂದು ತಿಂಗಳಾದ ಮೇಲೆ ಅಮ್ಮ, ಅಂದ್ರೆ ಮಾ ಜೋಡ್, ಹೊರಡೋಣ ಅಂತ ಹಟ ಹಿಡೀತಾಳೆ, ಹೊರಟು ಹೋಗಿ ಬೀಳೋದು ಪೀಚ್ ತೋಟದ ನರಕಕ್ಕೆ.

ಸಿನಿಮಾದಲ್ಲಿ ಸ್ಕ್ರೀನ್‌ಪ್ಲೇ ಬರೆದ ನನ್ನಲಿ ಜಾನ್ಸನ್ ಇದನ್ನ ತಿರುಗಿಸಿಬಿಟ್ಟ. ಮೊದಲು ಪೀಚ್ ತೋಟ, ಕೇಸಿ ಸಾವು ಅಲ್ಲೇ ಮುಗಿಯುತ್ತೆ, ಆಮೇಲೆ ಕ್ಯಾಂಪು. ಬೇರೆ ಏನೂ ಬದಲಾಯಿಸಬೇಕಾಗಿಲ್ಲ, ಎರಡು ಭಾಗ ಅದಲು ಬದಲು ಮಾಡಿದ್ರೆ ಸಾಕು, ಕೆಳಗಿಳೀತಾ ಹೋಗ್ತಿದ್ದ ಕಥೆ ಮೇಲೇಳ್ತಾ ಹೋಗುತ್ತೆ. ಕೊನೇಲಿ ಅಮ್ಮ ಆಡೋ ಮಾತು ಪುಸ್ತಕದಲ್ಲೂ ಇದೆ, ಆದ್ರೆ ಅದು ಮಧ್ಯದಲ್ಲಿ, ಹೂವರ್‌ವಿಲ್‌ನಿಂದ ಓಡಿ ಬರೋವಾಗ ಕತ್ತಲಲ್ಲಿ ಟಾಮ್‌ಗೆ ಸಮಾಧಾನ ಹೇಳೋಕೆ ಆಡಿದ್ದು. ನಿರ್ಮಾಪಕ ಡ್ಯಾರಿಲ್ ಜಾನುಕ್ ಅದನ್ನ ಅಲ್ಲಿಂದ ಎತ್ತಿ ಕೊನೇಗೆ ಇಟ್ಟ. ಮಧ್ಯದಲ್ಲಿ ಆಡಿದಾಗ ಅದು ಮಗನನ್ನ ತಡೆದು ನಿಲ್ಲಿಸೋಕೆ ತಾಯಿ ಆಡಿದ ಮಾತು, ಕೊನೇಲಿ ಆಡಿದಾಗ ಇಡೀ ಕಥೆ ಮೇಲಿನ ತೀರ್ಪು. ನನಗೆ ನೋವಾಗೋದು ಅಲ್ಲಿ, ಎದೆಹಾಲಿನ ದೃಶ್ಯ ಬಿಟ್ಟಿದ್ದಕ್ಕಲ್ಲ.

ಸಣ್ಣಕೆರೆ

ಕಪ್ಪುಬಿಳುಪು ಅವರೇ, ಕ್ರಮ ಬದಲಾಗಿದೆ ಅನ್ನೋದು ನಿಜ, ಒಪ್ಕೊಂಡೆ, ಆದ್ರೆ ಅದರಿಂದ ಸಿನಿಮಾ ಮೆತ್ತಗಾಯ್ತು ಅನ್ನೋದನ್ನ ನಾನು ಒಪ್ಪಲ್ಲ. ಸ್ವತಃ ಸ್ಟೈನ್‌ಬೆಕ್ 1939ರ ಡಿಸೆಂಬರ್‌ನಲ್ಲಿ ಸಿನಿಮಾ ನೋಡಿ ಬಂದು ತನ್ನ ಏಜೆಂಟ್‌ಗೆ ಬರೆದಿದ್ದಾನೆ, ಜಾನುಕ್ ಮಾತು ಉಳಿಸ್ಕೊಂಡಿದ್ದಾನೆ, ಇದು ಡಾಕ್ಯುಮೆಂಟರಿ ಥರ ಇದೆ, ನನ್ನ ಪುಸ್ತಕಕ್ಕಿಂತ ಕಠೋರವಾಗಿದೆ ಅಂತ. ಬರೆದೋನೇ ಹಾಗಂದ ಮೇಲೆ ನಾವು ಸ್ವಲ್ಪ ನಿಧಾನವಾಗಿ ಯೋಚನೆ ಮಾಡಬೇಕು. ಯಾಕೆ ಕಠೋರ ಅನ್ನಿಸ್ತು? ಪುಸ್ತಕದಲ್ಲಿ ವರ್ಣನೆ ಇದೆ, ಲೇಖಕನ ಸಿಟ್ಟಿದೆ, ನಮ್ಮ ಜೊತೆ ಅವನೂ ಕುದೀತಿರ್ತಾನೆ, ಅದೂ ಒಂಥರಾ ಧೈರ್ಯಾನೇ. ಪರದೆ ಮೇಲೆ ಆ ದನಿ ಇಲ್ಲ, ಬರೀ ಮುಖಗಳು.

ಹೂವರ್‌ವಿಲ್ ಒಳಗೆ ಲಾರಿ ಹೋಗೋದನ್ನ ಇನ್ನೊಂದ್ಸಲ ನೋಡಿ. ಕ್ಯಾಮೆರಾನ ಲಾರೀಲೇ ಇಟ್ಟಿದ್ದಾರೆ, ನಾವೇ ಲಾರೀಲಿ ಕೂತು ಒಳಗೆ ಹೋದ ಹಾಗೆ, ಹರಕು ಬಟ್ಟೆ ಜನ ದಾರಿಗೆ ಅಡ್ಡ ಇದ್ದೋರು ನಿಧಾನಕ್ಕೆ ಪಕ್ಕಕ್ಕೆ ಸರೀತಾರೆ, ತಿರುಗಿ ನಮ್ಮನ್ನೇ ನೋಡ್ತಾರೆ, ಯಾರೂ ಒಂದು ಮಾತಾಡಲ್ಲ. ಕ್ಯಾಮೆರಾ ಮಾಡಿದ್ದು ಗ್ರೆಗ್ ಟೋಲಂಡ್, ಮುಂದಿನ ವರ್ಷ ಸಿಟಿಜನ್ ಕೇನ್ ಮಾಡಿದ್ನಲ್ಲ ಅವನೇ. ಊರು ಬಿಡದೆ ಉಳಿದ ನೆರೆಯವ ಮ್ಯೂಲಿ ತನ್ನ ಕಥೆ ಹೇಳೋ ದೃಶ್ಯದಲ್ಲಿ ಖಾಲಿ ಮನೆ, ಒಂದೇ ಒಂದು ಮೇಣದಬತ್ತಿ, ಮುಖದ ಅರ್ಧ ಕತ್ತಲು. ಆಮೇಲೆ ಅವನ ಮನೇನ ಟ್ರಾಕ್ಟರ್ ಉರುಳಿಸ್ಕೊಂಡು ಹೋಗುತ್ತೆ. ಮನೆಯವರೆಲ್ಲಾ ನಿಂತು ನೋಡ್ತಿರ್ತಾರೆ, ಕ್ಯಾಮೆರಾ ಅವರನ್ನ ಬಿಟ್ಟು ನೆಲಕ್ಕಿಳಿಯುತ್ತೆ, ನೆಲದ ಮೇಲೆ ಅವರ ನೆರಳು, ಆ ನೆರಳಿನ ಮೇಲೆ ಟ್ರಾಕ್ಟರ್ ಚಕ್ರದ ಅಚ್ಚು. ಒಂದು ಮಾತಿಲ್ಲ. ಆ ಟ್ರಾಕ್ಟರ್ ಓಡಿಸೋನು ಹೊರಗಿನೋನಲ್ಲ, ಅಕ್ಕಪಕ್ಕದೋರ ಹುಡುಗ, ದಿನಕ್ಕೆ 3 ಡಾಲರ್ ಕೂಲಿ, ಅವನಿಗೂ ಹೆಂಡ್ತಿ ಮಕ್ಕಳು. ಹಾಗಾದ್ರೆ ಯಾರಿಗೆ ಗುಂಡು ಹೊಡೀಲಿ ಅಂತ ಕೇಳ್ತಾರಲ್ಲ, ಕಂಪನಿ ಅಂದ್ರೆ ಯಾರೂ ಅಲ್ಲ, ಮ್ಯಾನೇಜರ್‌ಗೆ ಮೇಲಿಂದ ಹೇಳಿದ್ದಾರೆ, ಮೇಲಿನೋರಿಗೆ ಬ್ಯಾಂಕು ಹೇಳಿದೆ. ಇದನ್ನ ಮೆತ್ತಗೆ ಅಂತ ಹೇಗೆ ಹೇಳ್ತೀರಾ?

ಇನ್ನೊಂದು, ಕಿವಿಯೋಲೆ ದೃಶ್ಯ. ಊರು ಬಿಡೋ ದಿನ ಬೆಳಗಿನ ಜಾವ ಮಾ ಜೋಡ್ ಒಬ್ಬಳೇ ಒಲೆ ಮುಂದೆ ಕೂತು ಹಳೇ ಡಬ್ಬಿ ತೆಗೀತಾಳೆ. ಒಂದು ಕಾರ್ಡು, ಮಗ ಜೈಲಿಗೆ ಹೋದ ಪೇಪರ್ ತುಣುಕು, ಒಂದು ಪಿಂಗಾಣಿ ನಾಯಿ. ಕಾಗದಗಳು ಬೆಂಕಿಗೆ ಹೋಗುತ್ತೆ. ಆಮೇಲೆ ಒಂದು ಜೊತೆ ಓಲೆ ಸಿಗುತ್ತೆ, ಅದನ್ನ ಕಿವಿ ಹತ್ರ ಹಿಡಿದು ಕನ್ನಡೀಲಿ ನೋಡ್ಕೋತಾಳೆ. ಹಿಂದೆ ರೆಡ್ ರಿವರ್ ವ್ಯಾಲಿ ಹಾಡಿನ ಮಟ್ಟು ಮೆಲ್ಲಗೆ, ಅಕಾರ್ಡಿಯನ್‌ನಲ್ಲಿ. ಪುಸ್ತಕದಲ್ಲೂ ಡಬ್ಬಿ ಇದೆ, ಒಳಗೆ ಓಲೇನೂ ಇದೆ, ಆದ್ರೆ ಓಲೆ ಕಿವಿಗೆ ಹಿಡಿಯೋದು ಸಿನಿಮಾದೋರದ್ದು. ಅಮ್ಮನ ಪಾತ್ರ ಮಾಡಿದ ಜೇನ್ ಡಾರ್ವೆಲ್‌ಗೆ ಆಸ್ಕರ್ ಬಂದಿದ್ದು ಕೊನೇ ಭಾಷಣಕ್ಕೆ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬಲ್ಲ, ನನಗೆ ಅದು ಈ ದೃಶ್ಯಕ್ಕೇ.

ನಿವೃತ್ತ_ಮೇಷ್ಟ್ರು

ಇಬ್ರೂ ಚೆನ್ನಾಗಿ ಬರೆದಿದ್ದೀರಿ. ನಾನು ಈ ಪುಸ್ತಕಾನ ಹಲವು ವರ್ಷ ಪಾಠ ಮಾಡಿದ್ದೀನಿ, ಆ ಅನುಭವದಿಂದ ಒಂದು ಮಾತು. ಸಿನಿಮಾದಲ್ಲಿ ಕಳೆದು ಹೋಗಿದ್ದು ಏನು ಅಂತ ಹುಡುಕೋದಾದ್ರೆ ಕೊನೇ ಪುಟ ಬಿಟ್ಟು ಮಧ್ಯದ ಅಧ್ಯಾಯಗಳಿಗೆ ಬನ್ನಿ. ಸ್ಟೈನ್‌ಬೆಕ್ ಜೋಡ್ ಕುಟುಂಬದ ಒಂದು ಅಧ್ಯಾಯ ಬರೀತಾನೆ, ಮಧ್ಯೆ ಹೆಸರೇ ಇಲ್ಲದ ಸಾವಿರಾರು ಜನರ ಒಂದು ಅಧ್ಯಾಯ ಇಡ್ತಾನೆ. ರಸ್ತೆ ದಾಟೋ ಆಮೆ, ಹಳೇ ಕಾರು ಮಾರೋ ಮೋಸಗಾರರು, ಕ್ಯಾಲಿಫೋರ್ನಿಯಾಗೆ ಹೋಗೋ ಹೈವೇ 66. ಹುಡುಗರು ಇದೇನ್ಸಾರ್ ಕಥೆ ನಿಂತೇ ಹೋಯ್ತು ಅಂತಿದ್ರು, ನಾನು ನಿಲ್ಲಲಿ ಬಿಡ್ರೋ, ಆ ಆಮೆ ನಿಲ್ತಾ ನೋಡಿ ಅಂತಿದ್ದೆ.

ಜಾನ್ಸನ್ ಬುದ್ಧಿವಂತ, ಅಂಥ ಅಧ್ಯಾಯಗಳಲ್ಲಿ ಒಂದೆರಡನ್ನ ಕುಟುಂಬದೊಳಕ್ಕೇ ತಂದ. ಹೈವೇ ಹೋಟೆಲ್‌ನಲ್ಲಿ ಬ್ರೆಡ್ ಕೇಳೋ ದೃಶ್ಯ ಇದೆಯಲ್ಲ, ಪುಸ್ತಕದಲ್ಲಿ ಆ ಕುಟುಂಬಕ್ಕೆ ಹೆಸರೇ ಇಲ್ಲ, ಸಿನಿಮಾದಲ್ಲಿ ಅದು ಜೋಡ್‌ಗಳದ್ದೇ ಆಯ್ತು. 15 ಸೆಂಟಿನ ಬ್ರೆಡ್ ಇದೆ, ಇವರು 10 ಸೆಂಟ್ ಕೊಡೋಕೆ ಮಾತ್ರ ತಯಾರು, ಅಜ್ಜಿಗೆ ನೆನೆಸಿ ತಿನ್ನಿಸಬೇಕು. ಒಳಗಿಂದ ಅಡುಗೆಯವನು ಕೊಟ್ಟುಬಿಡು ಅಂತ ಗದರ್ತಾನೆ. ಮಕ್ಕಳು ಗಾಜಿನ ಒಳಗಿನ ಪೆಪ್ಪರ್‌ಮೆಂಟನ್ನೇ ನೋಡ್ತಿರ್ತವೆ, ಒಂದಕ್ಕೆ 5 ಸೆಂಟಿನದ್ದನ್ನ ಹೋಟೆಲ್‌ನ ಹೆಂಗಸು ಎರಡಕ್ಕೆ ಒಂದು ಸೆಂಟ್ ಅಂದುಬಿಡ್ತಾಳೆ. ಅವರು ಹೋದ ಮೇಲೆ ಅಲ್ಲಿ ಕೂತಿದ್ದ ಲಾರಿ ಡ್ರೈವರ್‌ಗಳು ಚಿಲ್ಲರೆ ವಾಪಸ್ ತಗೊಳ್ದೆ ಎದ್ದು ಹೋಗ್ತಾರೆ. ದಯೆ ಅನ್ನೋ ಪದಾನೇ ಬರಲ್ಲ, ಎಲ್ಲಾ ಸೆಂಟಿನ ಲೆಕ್ಕದಲ್ಲೇ ನಡೆಯುತ್ತೆ.

ಆದ್ರೆ ಇಪ್ಪತ್ತೈದನೇ ಅಧ್ಯಾಯ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಬೆಲೆ ಬೀಳಬಾರದು ಅಂತ ಕಿತ್ತಳೆ ರಾಶಿ ಮೇಲೆ ಸೀಮೆಎಣ್ಣೆ ಸುರೀತಾರೆ, ಆಲೂಗೆಡ್ಡೆ ಹೊಳೆಗೆ ಸುರಿದು ಜನ ಎತ್ಕೊಳ್ಳದ ಹಾಗೆ ದಡದಲ್ಲಿ ಕಾವಲು ನಿಲ್ಲಿಸ್ತಾರೆ, ಹಂದಿ ಕಡಿದು ಸುಣ್ಣ ಹಾಕಿ ಹೂಳ್ತಾರೆ, ಪಕ್ಕದಲ್ಲೇ ಮಕ್ಕಳು ಪೌಷ್ಟಿಕ ಆಹಾರ ಇಲ್ದೆ ಸಾಯ್ತಿರ್ತಾರೆ. ಜನರ ಎದೆಯೊಳಗೆ ಕ್ರೋಧದ ದ್ರಾಕ್ಷಿ ತುಂಬಿ ತೂಗ್ತಿದೆ ಅನ್ನೋದು ಆ ಅಧ್ಯಾಯದ ಕೊನೇ ಮಾತು. ಪುಸ್ತಕದ ಹೆಸರಿನ ಅರ್ಥ ಇರೋದೇ ಅಲ್ಲಿ. ಹೆಸರು ಸೂಚಿಸಿದ್ದು ಅವನ ಹೆಂಡತಿ ಕ್ಯಾರಲ್, ಅಮೆರಿಕದ ಸಿವಿಲ್ ವಾರ್ ಕಾಲದ ಬ್ಯಾಟಲ್ ಹಿಮ್ ಹಾಡಿನಿಂದ. ಸಿನಿಮಾ ಆ ಹೆಸರನ್ನ ಇಟ್ಕೊಂಡಿದೆ, ದ್ರಾಕ್ಷಿ ಹೇಗೆ ತುಂಬ್ತು ಅನ್ನೋದನ್ನ ಬಿಟ್ಟಿದೆ. ಟಾಮ್ ಸಿಟ್ಟಾಗ್ತಾನೆ, ಸರಿ. ಆದ್ರೆ ಅದು ಒಬ್ಬನ ಸಿಟ್ಟು.

ಇನ್ನು ಒಂದು ತಪ್ಪು ತಿಳುವಳಿಕೆ ಇದೆ, ಇವರೆಲ್ಲಾ ಧೂಳಿನ ಬಿರುಗಾಳಿಯಿಂದ ಓಡಿ ಬಂದೋರು ಅಂತ. ಜೋಡ್‌ಗಳ ಊರು ಸ್ಯಾಲಿಸಾ, ಓಕ್ಲಹೋಮಾದ ಪೂರ್ವಕ್ಕೆ, ಭಾರೀ ಧೂಳಿನ ಹೊಡೆತ ಬಿದ್ದ ಜಾಗ ಅದೇ ರಾಜ್ಯದ ಪಶ್ಚಿಮದ ತುದಿ. ಸ್ಯಾಲಿಸಾ ಕಡೆ ಜನರನ್ನ ಎಬ್ಬಿಸಿದ್ದು ಹೆಚ್ಚಾಗಿ ಹತ್ತಿ ಬೆಲೆ, ಸಾಲ, ಟ್ರಾಕ್ಟರ್. ಹತ್ತಿ ಬೆಳೆಯೋದು ಕಡಿಮೆ ಮಾಡಿ ಅಂತ ಸರ್ಕಾರ ಕೊಟ್ಟ ದುಡ್ಡು ಜಮೀನಿನ ಒಡೆಯನ ಕೈ ಸೇರ್ತು, ಗೇಣಿಗೆ ಮಾಡ್ತಿದ್ದೋನು ಬೀದಿಗೆ ಬಂದ. ಒಬ್ಬ ಟ್ರಾಕ್ಟರ್ ಡ್ರೈವರ್ ಹನ್ನೆರಡು ಹದಿನಾಲ್ಕು ಸಂಸಾರದ ಜಾಗ ತಗೋತಾನೆ ಅಂತ ಪುಸ್ತಕದಲ್ಲೇ ಬರುತ್ತೆ.

ಬೇಕರ್ಸ್‌ಫೀಲ್ಡ್_ಕನ್ನಡತಿ

ಮೇಷ್ಟ್ರೇ ನಮಸ್ಕಾರ. ನಾನು ಈ ಕಥೆ ನಡೆಯೋ ಊರಲ್ಲೇ ಇದ್ದೀನಿ, ಯಜಮಾನರ ಕೆಲಸದ ಮೇಲೆ ಬಂದಿದ್ದು. ವೀಡ್‌ಪ್ಯಾಚ್ ಕ್ಯಾಂಪು ಕಟ್ಟುಕಥೆ ಅಲ್ಲ, ಆರ್ವಿನ್ ಹತ್ರ ನಿಜವಾಗ್ಲೂ ಇದೆ, ನಮ್ಮನೆಯಿಂದ ಕಾರಲ್ಲಿ ಅರ್ಧ ಗಂಟೆ ಆಗಲ್ಲ. ಪುಸ್ತಕ ಅರ್ಪಣೆ ಮಾಡಿರೋದರಲ್ಲಿ ಕ್ಯಾರಲ್ ಜೊತೆ ಟಾಮ್ ಅಂತ ಒಂದು ಹೆಸರಿದೆಯಲ್ಲ, ಅದು ಟಾಮ್ ಕಾಲಿನ್ಸ್, ಈ ಕ್ಯಾಂಪಿನ ಮ್ಯಾನೇಜರ್ ಆಗಿದ್ದೋರು. ಸ್ಟೈನ್‌ಬೆಕ್ 1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆಗೆ ಕೂಲಿಗಳ ಬಗ್ಗೆ ಲೇಖನ ಬರೆಯೋಕೆ ಓಡಾಡಿದ್ದಾಗ ಇವರ ಜೊತೆ ತಿರುಗಿದ್ದು, ಇವರ ವರದಿಗಳನ್ನ ಓದಿದ್ದು. ಸಿನಿಮಾಕ್ಕೂ ಕಾಲಿನ್ಸ್ ಅವರನ್ನೇ ಸಲಹೆಗಾರರಾಗಿ ಕರೆಸಿದ್ರು.

ನಾನು ಹೋಗಿದ್ದಾಗ ಜುಲೈ, ಬಿಸಿಲು ತಲೆ ಮೇಲೆ ಕಾದ ಹಂಚು ಇಟ್ಟ ಹಾಗೆ. ಹಳೇ ಮರದ ಕಟ್ಟಡ ಮೂರು ಉಳಿದಿವೆ, ಅಂಚೆ ಕಚೇರಿ, ಲೈಬ್ರರಿ, ಸಮುದಾಯ ಭವನ. ಬೇಲಿ ಆಚೆ ನಿಂತು ನೋಡ್ದೆ. ಸಿನಿಮಾದಲ್ಲಿ ಡ್ಯಾನ್ಸ್ ರಾತ್ರಿ ಗಲಾಟೆ ಎಬ್ಬಿಸೋಕೆ ಹೊರಗಿನೋರು ಬರ್ತಾರಲ್ಲ, ಪೊಲೀಸರಿಗೆ ಒಳಗೆ ಬರೋಕೆ ನೆಪ ಸಿಗಲಿ ಅಂತ, ಅದನ್ನೇ ನೆನೆಸ್ಕೊಂಡು ನಿಂತಿದ್ದೆ. ಪಕ್ಕದಲ್ಲೇ ಈಗಲೂ ತೋಟದ ಕೆಲಸಗಾರರ ಮನೆಗಳಿವೆ, ಈಗ ಹೆಚ್ಚಿನೋರು ಮೆಕ್ಸಿಕೋ ಕಡೆಯವರು. ಒಂದು ಬಾಗಿಲ ಮುಂದೆ ಹಗ್ಗದ ಮೇಲೆ ಉದ್ದ ತೋಳಿನ ಅಂಗಿ ಸಾಲಾಗಿ ಒಣಗ್ತಿತ್ತು, ಎಲ್ಲಾದರ ತೋಳಿನ ತುದೀಲೂ ದ್ರಾಕ್ಷಿ ರಸದ ಕಂದು ಕಲೆ.

ಇನ್ನೊಂದು ಹೇಳಲೇಬೇಕು. 1939ರ ಆಗಸ್ಟ್‌ನಲ್ಲಿ ಇದೇ ಕರ್ನ್ ಕೌಂಟಿಯವರು ಈ ಪುಸ್ತಕಾನ ಇಲ್ಲಿನ ಲೈಬ್ರರಿ ಶಾಲೆಗಳಿಂದ ತೆಗೆದು ಹಾಕಿದ್ರು, ಮೇಲ್ವಿಚಾರಕರ ಮಂಡಳೀಲಿ ನಾಲ್ಕು ಒಂದು ಮತ. ಕೌಂಟಿ ಲೈಬ್ರರಿಯನ್ ಗ್ರೆಚನ್ ನೀಫ್ ಆ ಮಂಡಳಿಯವರಿಗೆ ಕಾಗದ ಬರೆದು ಇದು ತಪ್ಪು ಅಂತ ಪ್ರತಿಭಟಿಸಿದ್ರು, ಯಾರ ಕೈಕೆಳಗೆ ಕೆಲಸ ಮಾಡ್ತಿದ್ರೋ ಅವರಿಗೇ. ನಿಷೇಧ ಹೋಗಿದ್ದು 1941ರಲ್ಲಿ. ಅಂದ್ರೆ 1940ರ ಜನವರೀಲಿ ಸಿನಿಮಾ ಬಿಡುಗಡೆ ಆದಾಗ ಇಲ್ಲಿನ ಲೈಬ್ರರೀಲಿ ಪುಸ್ತಕ ಸಿಗ್ತಿರಲಿಲ್ಲ. ಸಿನಿಮಾನ ಹೈವೇ 66 ಅನ್ನೋ ಸುಳ್ಳು ಹೆಸರಲ್ಲಿ ಶೂಟಿಂಗ್ ಮಾಡಿದ್ದು ಯಾಕೆ ಅಂತ ಇಲ್ಲಿಗೆ ಬಂದ ಮೇಲೆ ನಂಗೆ ಸರಿಯಾಗಿ ಅರ್ಥ ಆಯ್ತು. ಆ ಸಿಟ್ಟಿನ ಮಧ್ಯೆ ಪುಸ್ತಕ ಬಂದ ಒಂಬತ್ತೇ ತಿಂಗಳಿಗೆ ಇಷ್ಟಾದ್ರೂ ಹೇಳಿದ್ರಲ್ಲ, ನಂಗೆ ಅದೇ ದೊಡ್ಡದು ಅನ್ಸುತ್ತೆ.

ಕಪ್ಪುಬಿಳುಪು

ಅಕ್ಕ, ಲೈಬ್ರರಿಯನ್ ವಿಷಯ ಗೊತ್ತಿರಲಿಲ್ಲ, ತುಂಬಾ ಥ್ಯಾಂಕ್ಸ್. ಸಣ್ಣಕೆರೆ ಅವರು ಹೇಳಿದ ಓಲೆ ದೃಶ್ಯಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಆದ್ರೆ ಅಮ್ಮ ಮಗ ಬೇರೆಯಾಗೋ ಜಾಗದಲ್ಲಿ ನಾನು ಪುಸ್ತಕದ ಕಡೆ. ಸಿನಿಮಾದಲ್ಲಿ ಡ್ಯಾನ್ಸ್ ಮಾಡೋ ಕಟ್ಟೆ ಹತ್ರ ಕೂತು ಮಾತಾಡ್ತಾರೆ, ಎಲ್ಲಿ ಹಸಿದೋರು ಜಗಳಕ್ಕೆ ನಿಂತಿರ್ತಾರೋ ಅಲ್ಲಿ ನಾನಿರ್ತೀನಿ ಅಂತ ಫೋಂಡಾ ದನಿ ಏರಿಸ್ದೆ ಹೇಳ್ತಾನೆ, ನಾವು ಮುತ್ತು ಕೊಟ್ಕೊಳ್ಳೋ ಮನೆಯೋರಲ್ಲ ಅಂತ ಹೇಳ್ತಾನೇ ಅಮ್ಮ ಮುತ್ತು ಕೊಡ್ತಾಳೆ, ಅದ್ಭುತ. ಈ ಪಾತ್ರಕ್ಕೋಸ್ಕರ ಫೋಂಡಾ ಇಷ್ಟ ಇಲ್ಲದಿದ್ರೂ ಫಾಕ್ಸ್ ಕಂಪನಿ ಜೊತೆ ಏಳು ವರ್ಷದ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ್ದ. ಪುಸ್ತಕದಲ್ಲಿ ಅವನು ಬಳ್ಳಿ ಪೊದೆಯೊಳಗೆ ಬಚ್ಚಿಟ್ಕೊಂಡಿರ್ತಾನೆ, ಗವಿ ಥರ, ಕಣ್ಣು ಕಾಣದಷ್ಟು ಕತ್ತಲು. ಅಮ್ಮ ಮುಖ ತಡವಿ ತಡವಿ ಗಾಯದ ಗುರುತು ಹುಡುಕ್ತಾಳೆ, ಮೂಗು ಸೊಟ್ಟಗಾಗಿದೆ ಅಂತ ಬೆರಳಿಗೆ ಗೊತ್ತಾಗುತ್ತೆ. ಮತ್ತೆ ನೋಡ್ತಾಳೋ ಇಲ್ವೋ ಅನ್ನೋ ಮಗನನ್ನ ಬೆರಳಲ್ಲಿ ನೆನಪಿಟ್ಕೋತಾಳೆ. ಅದನ್ನ ಎಷ್ಟೇ ಒಳ್ಳೇ ಕ್ಯಾಮೆರಾಮನ್ ಇದ್ರೂ ತೆಗೆಯೋಕಾಗಲ್ಲ, ಯಾಕಂದ್ರೆ ಅಲ್ಲಿ ನೋಡೋಕೆ ಏನೂ ಇಲ್ಲ.

ಸಣ್ಣಕೆರೆ

ಇದನ್ನ ಒಪ್ಪಿದೆ. ಆದ್ರೂ ಕೊನೇ ಭಾಷಣದ ಬಗ್ಗೆ ಒಂದು, ಆ ಮಾತಿಗಿಂತ ಮುಂಚೆ ಅವರು ಎಲ್ಲಿಗೆ ಹೊರಟಿದ್ದಾರೆ ನೋಡಿ. ಫ್ರೆಸ್ನೋದಲ್ಲಿ ಇಪ್ಪತ್ತು ದಿನದ ಹತ್ತಿ ಕೆಲಸ ಇದೆಯಂತೆ ಅಂತ ಕೇಳಿ ಹೊರಟಿರ್ತಾರೆ, ಇಪ್ಪತ್ತು ದಿನ ಇರಬಹುದು, ಒಂದು ದಿನಾನೂ ಇಲ್ದೇ ಇರಬಹುದು ಅಂತ ಅವಳೇ ಅಂತಾಳೆ. 800 ಜನ ಬೇಕು ಅಂತ ಚೀಟಿ ಹಂಚಿ ಸಾವಿರಾರು ಜನರನ್ನ ಕರೆಸಿ ಕೂಲಿ ಇಳಿಸಿದ್ದನ್ನ ನಾವು ಆಗ್ಲೇ ನೋಡಿದ್ದೀವಿ, ಪೀಚ್ ಪೆಟ್ಟಿಗೆಗೆ 5 ಸೆಂಟ್ ಇದ್ದಿದ್ದು ಮುಷ್ಕರ ಮುರಿದ ತಕ್ಷಣ ಎರಡೂವರೆ ಆಗಿದ್ದನ್ನೂ. ಹಾಗಾಗಿ ಅವಳ ಮಾತನ್ನ ನಾನು ಗೆದ್ದೋರ ಮಾತು ಅಂತ ಕೇಳಿಸ್ಕೊಂಡಿಲ್ಲ.

ರಾತ್ರಿ_ಓದುಗ

ಎಲ್ರಿಗೂ ತುಂಬಾ ಧನ್ಯವಾದ, ಇಷ್ಟೊಂದು ಬರೀತೀರಾ ಅಂದ್ಕೊಂಡಿರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಇಪ್ಪತ್ತೈದನೇ ಅಧ್ಯಾಯ ಮತ್ತೆ ಓದ್ದೆ, ಮೊದಲ ಸಲ ಯಾಕೆ ಸರಸರ ದಾಟಿ ಹೋಗಿದ್ದೆ ಅಂತ ಬೇಜಾರಾಯ್ತು. ಕ್ರಮ ಅದಲು ಬದಲಾಗಿರೋದಂತೂ ನಂಗೆ ಹೊಳೆದೇ ಇರಲಿಲ್ಲ.

ನಿನ್ನೆ ಸಿನಿಮಾ ಮತ್ತೆ ಹಾಕಿದ್ದೆ, ಊರಿಂದ ಅಮ್ಮ ಬಂದಿದ್ದಾರೆ, ಅವರಿಗೆ ಇಂಗ್ಲಿಷ್ ಬರಲ್ಲ, ತರಕಾರಿ ಹೆಚ್ಕೊಂಡು ಪಕ್ಕದಲ್ಲಿ ಕೂತಿದ್ರು. ಓಲೆ ದೃಶ್ಯ ಬಂದಾಗ ಈಳಿಗೆಮಣೆ ಬದಿಗಿಟ್ಟು, ಸ್ವಲ್ಪ ಹಿಂದಕ್ಕೆ ಹಾಕು ಅಂದ್ರು. ಎರಡು ಸಲ ಹಾಕ್ದೆ. ಆ ನಾಯಿ ಗೊಂಬೆ ಮೇಲೆ ಏನೋ ಬರೆದಿದೆಯಲ್ಲ ಏನದು ಅಂದ್ರು, 1904ರಲ್ಲಿ ಸೇಂಟ್ ಲೂಯಿಸ್ ಅನ್ನೋ ಊರಲ್ಲಿ ದೊಡ್ಡ ವಸ್ತುಪ್ರದರ್ಶನ ಆಗಿತ್ತು, ಅಲ್ಲಿಂದ ತಂದಿದ್ದು ಅಂದೆ. ಕಥೆ ಯಾವಾಗಿಂದು ಅಂತ ಕೇಳಿ ಬೆರಳಲ್ಲಿ ಎಣಿಸಿದ್ರು. ಹಾಗಾದ್ರೆ ಆಗ ಇವಳಿಗೆ ಇಪ್ಪತ್ತೋ ಇಪ್ಪತ್ತೈದೋ ಇರಬೇಕು, ಯಾರ ಜೊತೆ ಹೋಗಿದ್ಳೋ ಅಂದ್ರು. ಆಮೇಲೆ ನಮ್ಮಜ್ಜಿ ಟ್ರಂಕಲ್ಲಿ ಮೈಸೂರು ದಸರಾ ವಸ್ತುಪ್ರದರ್ಶನದಿಂದ ತಂದ ಪಿಂಗಾಣಿ ಗಿಣಿ ಒಂದಿತ್ತು, ಕೊಕ್ಕು ಮುರಿದಿತ್ತು, ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಅಂತ ಹೇಳಿ ಮತ್ತೆ ಬೀನ್ಸ್ ಹೆಚ್ಚೋಕೆ ಶುರು ಮಾಡಿದ್ರು. ಅಜ್ಜಿ ಹೋದ ಮೇಲೆ ಅದು ಎಲ್ಲಿಗೆ ಹೋಯ್ತು ಅಂತ ಕೇಳ್ದೆ, ಅವರಿಗೂ ಗೊತ್ತಿಲ್ಲ.